ಪಕ್ಕೆಲುಬು ಒಂದು ಜೋಡಿ ಹೆಚ್ಚು, ಮರಿ ಮಾತ್ರ ಇಲ್ಲ: ಹಾಕ್ಸ್‌ಎ10 ಇಲಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಾಕ್ಸ್‌ಎ10 ಎಂಬ ಜೀನನ್ನು ಕೆಡಿಸಿದ ಇಲಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬಂದಿತ್ತು. 1995ರಲ್ಲಿ ಎರಡು ತಂಡಗಳು ಇಂಥ ಇಲಿಗಳ ವರದಿ ಪ್ರಕಟಿಸಿದವು. ಈ ಇಲಿಗಳು ಬದುಕುತ್ತವೆ, ಓಡಾಡುತ್ತವೆ. ಆದರೆ ಸೊಂಟದ ಮೊದಲ ಕಶೇರುವಿಗೆ (ಬೆನ್ನುಮೂಳೆಯ ಒಂದು ತುಂಡಿಗೆ) ಪಕ್ಕೆಲುಬು ಮೂಡಿರುತ್ತದೆ. ಗಂಡುಗಳ ಎರಡೂ ವೃಷಣಗಳು ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿಯುತ್ತವೆ, ವಯಸ್ಸು ಏರಿದಂತೆ ಬಂಜೆತನವೂ ಏರುತ್ತದೆ. ಟಿಪ್ಪಣಿ ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆನ್ನುಮೂಳೆಗೂ ವೃಷಣಕ್ಕೂ ಏನು ಸಂಬಂಧ? ಒಂದೇ ಜೀನ್ ಎರಡನ್ನೂ ಕೆಡಿಸುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಹಾಕ್ಸ್‌ಎ10ರ ಕೆಲಸ ಮೂಳೆ ಕಟ್ಟುವುದಲ್ಲ, ವೀರ್ಯಾಣು ತಯಾರಿಸುವುದೂ ಅಲ್ಲ. ಬೆಳೆಯುತ್ತಿರುವ ಭ್ರೂಣದಲ್ಲಿ ತಲೆಯಿಂದ ಬಾಲದವರೆಗಿನ ಉದ್ದದಲ್ಲಿ ಯಾವ ಜೀವಕೋಶ ಎಲ್ಲಿದೆ ಎಂಬ ವಿಳಾಸ ಬರೆಯುವುದು ಅದರ ಕೆಲಸ. ಇಲಿಯಲ್ಲೂ ಮನುಷ್ಯನಲ್ಲೂ ಇಂಥ ಹಾಕ್ಸ್ ಜೀನುಗಳು 39 ಇವೆ. ನಾಲ್ಕು ಗೊಂಚಲುಗಳಲ್ಲಿ ಸಾಲಾಗಿ ಕೂತಿರುವ ಇವುಗಳನ್ನು ವಿಜ್ಞಾನಿಗಳು 13 ಗುಂಪುಗಳಾಗಿ ಎಣಿಸುತ್ತಾರೆ. ಗೊಂಚಲಿನ ಒಂದು ತುದಿಯ ಜೀನುಗಳು ದೇಹದ ಮುಂಭಾಗದಲ್ಲಿ ಕೆಲಸ ಮಾಡುತ್ತವೆ, ಇನ್ನೊಂದು ತುದಿಯವು ಹಿಂಭಾಗದಲ್ಲಿ. ಹತ್ತನೇ ಗುಂಪಿನ ಪಾಳಿ ಬರುವುದು ಎದೆ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ. ಇಲಿಯ ಹಾಕ್ಸ್‌ಎ10 ಆರನೇ ವರ್ಣತಂತುವಿನಲ್ಲಿದೆ, ನಮ್ಮದು ಏಳನೆಯದರಲ್ಲಿ.

ಆ ಮಟ್ಟದಲ್ಲಿರುವುದು ಕಶೇರು ಮಾತ್ರವಲ್ಲ. ಅಲ್ಲಿಂದ ಹೊರಡುವ ನರಗಳಿವೆ, ಮುಂದೆ ಎಪಿಡಿಡೈಮಿಸ್ (ವೀರ್ಯಾಣು ಬಲಿತು ಶೇಖರವಾಗುವ ಸುರುಳಿ ನಾಳ) ಮತ್ತು ವೀರ್ಯನಾಳವಾಗುವ ಕೊಳವೆಯಿದೆ, ವೃಷಣದ ಕೆಳತುದಿಯನ್ನು ತೊಡೆಸಂದಿಗೆ ಕಟ್ಟಿರುವ ಗುಬರ್ನ್ಯಾಕುಲಂ ಎಂಬ ಹುರಿಯಂಥ ಅಂಗಾಂಶವಿದೆ. ವಿಳಾಸ ತಪ್ಪಿದರೆ ಇವೆಲ್ಲಕ್ಕೂ ಪೆಟ್ಟು ಬೀಳುತ್ತದೆ. ‘ನಾನು ಸೊಂಟದವನು’ ಎಂಬ ಗುರುತು ಸಿಗದ ಕಶೇರು ತನ್ನ ಮುಂದಿನದನ್ನು ನೋಡಿ ಎದೆಯ ಕಶೇರುವಿನಂತೆ ಬೆಳೆದು ಪಕ್ಕೆಲುಬು ಬಿಡುತ್ತದೆ. ಇತ್ತ ಗುಬರ್ನ್ಯಾಕುಲಂ ಸರಿಯಾಗಿ ರೂಪುಗೊಳ್ಳುವುದಿಲ್ಲ.

ಸಾಮಾನ್ಯ ಇಲಿಯಲ್ಲಿ ವೃಷಣ ಎರಡು ಹಂತಗಳಲ್ಲಿ ಇಳಿಯುತ್ತದೆ. ಗರ್ಭದ ಸುಮಾರು 15ರಿಂದ 18ನೇ ದಿನದ ನಡುವೆ ಗುಬರ್ನ್ಯಾಕುಲಂ ಊದಿಕೊಂಡು ವೃಷಣವನ್ನು ಹೊಟ್ಟೆಯ ಬುಡದಲ್ಲಿ ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಆಜ್ಞೆ ಕೊಡುವುದು ವೃಷಣದ ಲೈಡಿಗ್ ಕೋಶಗಳು ಸುರಿಸುವ ಐಎನ್‌ಎಸ್‌ಎಲ್3 ಎಂಬ ಹಾರ್ಮೋನು. ಹುಟ್ಟಿದ ಮೇಲೆ, ಮೂರು ವಾರದ ಆಸುಪಾಸಿನಲ್ಲಿ, ಟೆಸ್ಟೊಸ್ಟೆರೋನಿನ ಪ್ರಭಾವದಲ್ಲಿ ವೃಷಣ ತೊಡೆಸಂದಿಯ ದಾರಿಯಿಂದ ಚೀಲಕ್ಕೆ ಬರುತ್ತದೆ. ಹಾಕ್ಸ್‌ಎ10 ಇಲ್ಲದ ಗಂಡುಗಳಲ್ಲಿ ಈ ಪಯಣ ಪೂರ್ತಿಯಾಗುವುದಿಲ್ಲ. ಚೀಲದೊಳಗೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು, ವೀರ್ಯಾಣು ಬೆಳೆಯಲು ಆ ತಂಪು ಬೇಕು. ಹೊಟ್ಟೆಯ ಬಿಸಿಯಲ್ಲಿ ಮೊದಲು ಸಾಯುವುದು ಅರ್ಧ ದಾರಿ ಬಂದ ಕೋಶಗಳು, ಅಂದರೆ ವರ್ಣತಂತುಗಳನ್ನು ಹಂಚಿಕೊಳ್ಳುತ್ತಿರುವ ಸ್ಪರ್ಮಟೊಸೈಟ್‌ಗಳು ಮತ್ತು ಆಗತಾನೇ ಹುಟ್ಟಿದ ದುಂಡು ಸ್ಪರ್ಮಟಿಡ್‌ಗಳು. ಬೀಜದಂತಿರುವ ಮೂಲಕೋಶಗಳು ಬಹುಕಾಲ ತಾಳಿಕೊಳ್ಳುತ್ತವೆ.

ಆದ್ದರಿಂದ ‘ಬಂಜೆತನದ ಜೀನ್’ ಎಂದು ಇದನ್ನು ಕರೆಯುವುದು ತಪ್ಪು. ಇಂಥ ಇಲಿ ಕೈಗೆ ಬಂದಾಗ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣು ಹುಡುಕುವ ಮೊದಲು ವೃಷಣ ಎಲ್ಲಿದೆ ಎಂದು ನೋಡಬೇಕು.

ಪ್ರಶ್ನೆ: ಪಕ್ಕೆಲುಬು ಹೆಚ್ಚಿದೆ ಎಂದು ಹೇಳಿದರೆ ಸಾಕೇ? ಎದೆಯ ಕಶೇರುವೇ ಒಂದು ಹೆಚ್ಚು ಹುಟ್ಟಿದೆಯೋ, ಸೊಂಟದ್ದು ಎದೆಯದಾಗಿ ಬದಲಾಗಿದೆಯೋ ಎಂದು ತಿಳಿಯುವುದು ಹೇಗೆ?
– ಪ್ರೌಢಶಾಲಾ ಶಿಕ್ಷಕ, ಶಿರಸಿ

ಉತ್ತರ: ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಎಣಿಕೆಯನ್ನು ತಲೆಬುರುಡೆಯಿಂದಲೇ ಶುರುಮಾಡಬೇಕು, ಪಕ್ಕೆಲುಬಿನಿಂದಲ್ಲ. ಇಲಿಗೆ ಕತ್ತಿನಲ್ಲಿ 7, ಎದೆಯಲ್ಲಿ 13, ಸೊಂಟದಲ್ಲಿ 6, ಸೊಂಟದ ಹಿಂದಿನ ತ್ರಿಕಾಸ್ಥಿಯಲ್ಲಿ 4 ಕಶೇರುಗಳು. ಬಾಲದ ಲೆಕ್ಕ ತಳಿಯಿಂದ ತಳಿಗೆ ಬೇರೆ. ಮೊದಲ ಎರಡನ್ನು ಆಕಾರದಿಂದಲೇ ಗುರುತಿಸಬಹುದು. ಆರನೆಯದರ ಹೊಟ್ಟೆಯ ಕಡೆಗೆ ಎರಡು ಗುಬಟುಗಳು ಚಾಚಿರುತ್ತವೆ. ಎದೆಯ ಎರಡನೆಯದರ ಬೆನ್ನಿನ ಮುಳ್ಳು ಎಲ್ಲಕ್ಕಿಂತ ಎತ್ತರ. ಈ ಮೂರು ಗುರುತುಗಳು ತಾಳೆಯಾದರೆ ಮುಂದಿನ ಎಣಿಕೆ ತಪ್ಪುವುದಿಲ್ಲ.

ಹೀಗೆ ಎಣಿಸಿದರೆ 20ನೆಯದು ಎದೆಯ ಕೊನೆಯ ಕಶೇರು, 21ನೆಯದು ಸೊಂಟದ ಮೊದಲನೆಯದು. ಹಾಕ್ಸ್‌ಎ10 ಇಲ್ಲದ ಇಲಿಯಲ್ಲಿ ಈ 21ನೆಯದಕ್ಕೆ ಪಕ್ಕೆಲುಬು ಇರುತ್ತದೆ. ಹೊಸ ಕಶೇರು ನಡುವೆ ಹುಟ್ಟಿದ್ದಲ್ಲ, ಇದ್ದದ್ದೇ ತನ್ನ ಗುರುತು ಬದಲಿಸಿದೆ. ಇಂಥದ್ದಕ್ಕೆ ಹೋಮಿಯೋಟಿಕ್ ಬದಲಾವಣೆ ಎಂಬ ಹೆಸರಿದೆ.

ಎಡವುವುದು ಇಲ್ಲಿ: ಯಾವ ಮ್ಯುಟೇಶನ್ನೂ (ಜೀನಿನ ಬದಲಾವಣೆಯೂ) ಇಲ್ಲದ ಇಲಿಗಳಲ್ಲೂ 21ನೇ ಕಶೇರುವಿಗೆ ಮೊಟಕು ಪಕ್ಕೆಲುಬು ಆಗಾಗ ಕಾಣುತ್ತದೆ. ಕೆಲವು ತಳಿಗಳಲ್ಲಿ ಸೊಂಟದ ಕಶೇರುಗಳೇ 5. ಆದ್ದರಿಂದ ಹೋಲಿಕೆಯನ್ನು ಅದೇ ಬಾಣಂತನದ ಒಡಹುಟ್ಟಿನ ಸಾಮಾನ್ಯ ಮರಿಗಳೊಂದಿಗೇ ಮಾಡಬೇಕು. ಎಡ, ಬಲ ಬೇರೆ ಬೇರೆ ಬರೆದುಕೊಳ್ಳಿ. ಪಕ್ಕೆಲುಬು ಪೂರ್ತಿಯೋ ಮೊಟಕೋ ಎಂಬುದನ್ನೂ ಬರೆಯಿರಿ. ಎಣಿಸುವವರಿಗೆ ಯಾವ ಮರಿಯ ಜೀನ್ ಏನೆಂದು ಗೊತ್ತಿರಬಾರದು. ಹಿಂಗಾಲು ಸೇರುವ ಸೊಂಟದ ಅಗಲ ಮೂಳೆ ಯಾವ ಕಶೇರುವಿಗೆ ಅಂಟಿದೆ ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ಸಾಮಾನ್ಯವಾಗಿ ಅದು 27ನೆಯದು. ಅದಿಲ್ಲದಿದ್ದರೆ ಬದಲಾವಣೆ ಎಲ್ಲಿಗೆ ನಿಂತಿತು ಎಂದು ಹೇಳಲಾಗುವುದಿಲ್ಲ.

ಪ್ರಶ್ನೆ: ನವಜಾತ ಇಲಿಮರಿಗಳ ಅಸ್ಥಿಪಂಜರಕ್ಕೆ ಎರಡು ಬಣ್ಣ ಹಾಕುವ ಪ್ರಯೋಗ ಮಾಡಿದೆವು. ಮೊದಲ ಸಲ ಮೃದ್ವಸ್ಥಿ ಚೆನ್ನಾಗಿ ನೀಲಿಯಾಯಿತು, ಮೂಳೆ ಕೆಂಪಾಗಲೇ ಇಲ್ಲ. ಎರಡನೇ ಸಲ ಕೆಂಪು ಬಂತು, ಬೆನ್ನುಮೂಳೆ ಬಿಡಿಬಿಡಿಯಾಗಿ ತಟ್ಟೆಗೆ ಬಿತ್ತು. ಎಲ್ಲಿ ತಪ್ಪಿದೆವು?
– ಎಂ.ಎಸ್ಸಿ. ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಮೊದಲ ಸಲ ಆಮ್ಲ ಹೆಚ್ಚು ಹೊತ್ತಾಯಿತು, ಎರಡನೇ ಸಲ ಕ್ಷಾರ ಹೆಚ್ಚಾಯಿತು. ಇಡೀ ಕ್ರಮವನ್ನು ಹೇಳುತ್ತೇವೆ, ನಿಮ್ಮ ಪುಸ್ತಕದೊಂದಿಗೆ ಹೋಲಿಸಿಕೊಳ್ಳಿ.

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿಯಂತೆ ದಯಾಮರಣ ಕೊಟ್ಟ ಮರಿಯನ್ನು ಸುಮಾರು 65–70 ಡಿಗ್ರಿಯ ನೀರಿನಲ್ಲಿ 20–30 ಸೆಕೆಂಡು ಅದ್ದಿದರೆ ಚರ್ಮ ಕೈಗವಸಿನಂತೆ ಸುಲಿದು ಬರುತ್ತದೆ. ಕರುಳು, ಶ್ವಾಸಕೋಶ ಎಲ್ಲ ತೆಗೆಯಿರಿ. ಹೆಗಲುಗಳ ನಡುವಿನ ಕಂದುಕೊಬ್ಬನ್ನು ಮರೆಯದೆ ತೆಗೆಯಿರಿ, ಅದು ಉಳಿದರೆ ಎದೆಯ ಮೊದಲ ಕಶೇರುಗಳು ಮಸುಕಾಗುತ್ತವೆ. 95 ಶೇಕಡಾ ಎಥನಾಲ್‌ನಲ್ಲಿ ಒಂದೆರಡು ದಿನ, ಆಮೇಲೆ ಕೊಬ್ಬು ಕರಗಲು ಅಸಿಟೋನಿನಲ್ಲಿ ಒಂದು ದಿನ ಇಡಿ. ಫಾರ್ಮಲಿನ್ ಬೇಡ. ಅದರಲ್ಲಿ ಗಟ್ಟಿಯಾದ ಸ್ನಾಯು ಮುಂದೆ ಪಾರದರ್ಶಕವಾಗಲು ಸತಾಯಿಸುತ್ತದೆ.

ನೀಲಿ ಬಣ್ಣಕ್ಕೆ: 80 ಮಿ.ಲೀ. 95 ಶೇಕಡಾ ಎಥನಾಲ್, 20 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ, 15 ಮಿ.ಗ್ರಾಂ ಆಲ್ಸಿಯನ್ ಬ್ಲೂ 8ಜಿಎಕ್ಸ್. ಕರಗಿಸಿ, ಸೋಸಿ, ಮರಿಯನ್ನು ಒಂದು ರಾತ್ರಿ ಅದರಲ್ಲಿಡಿ. 24 ಗಂಟೆ ದಾಟಬೇಡಿ. ನಿಮ್ಮ ಮೊದಲ ಸಲದ ತಪ್ಪು ಇಲ್ಲೇ. ಅಸಿಟಿಕ್ ಆಮ್ಲ ಮೂಳೆಯ ಕ್ಯಾಲ್ಸಿಯಂ ಅನ್ನು ಮೆಲ್ಲಗೆ ತೊಳೆಯುತ್ತದೆ. ಕೆಂಪು ಬಣ್ಣ ಕೊಡುವ ಅಲಿಜರಿನ್ ಅಂಟಿಕೊಳ್ಳುವುದು ಕ್ಯಾಲ್ಸಿಯಂಗೇ, ಅದು ಹೋದ ಮೇಲೆ ಕೆಂಪು ಹಿಡಿಯುವುದೆಲ್ಲಿಗೆ? ನೀಲಿ ಮುಗಿದ ಕೂಡಲೇ 95 ಶೇಕಡಾ ಎಥನಾಲ್‌ನಲ್ಲಿ ಎರಡು ಮೂರು ಸಲ ತೊಳೆದು ಆಮ್ಲವನ್ನು ಹೊರಹಾಕಿ.

ಆಮೇಲೆ 1 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ನವಜಾತ ಮರಿಗೆ ಕೆಲವೇ ಗಂಟೆ ಸಾಕು, ಸ್ನಾಯುವಿನ ಮೂಲಕ ಪಕ್ಕೆಲುಬು ಕಾಣತೊಡಗಿದರೆ ನಿಲ್ಲಿಸಿ. ಬಳಿಕ ಅದೇ 1 ಶೇಕಡಾ ದ್ರಾವಣದ 100 ಮಿ.ಲೀ.ಗೆ 5 ಮಿ.ಗ್ರಾಂ ಅಲಿಜರಿನ್ ರೆಡ್ ಬೆರೆಸಿ ಒಂದು ರಾತ್ರಿ. ಉಳಿದ ಕೆಂಪು ಮಬ್ಬನ್ನು 1 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು 20 ಶೇಕಡಾ ಗ್ಲಿಸರಾಲ್ ಇರುವ ದ್ರಾವಣದಲ್ಲಿ ನಿಧಾನವಾಗಿ ತೆಗೆಯಿರಿ, ದಿನಗಟ್ಟಲೆ ಹಿಡಿದರೂ ಅವಸರ ಬೇಡ. ನಿಮ್ಮ ಎರಡನೇ ಸಲದ ಬೆನ್ನುಮೂಳೆ ಬಿಡಿಯಾದದ್ದು ಗ್ಲಿಸರಾಲ್ ಇಲ್ಲದ ಬರೀ ಕ್ಷಾರದಲ್ಲಿ ಹೆಚ್ಚು ಹೊತ್ತು ಬಿಟ್ಟದ್ದರಿಂದ ಇರಬೇಕು. ಕ್ಷಾರ ಕಶೇರುಗಳನ್ನು ಹಿಡಿದಿಟ್ಟ ಕಟ್ಟುಗಳನ್ನೂ ತಿನ್ನುತ್ತದೆ. ಶನಿವಾರ ಮಧ್ಯಾಹ್ನ ಕ್ಷಾರಕ್ಕೆ ಹಾಕಿ ಸೋಮವಾರ ಬಂದು ನೋಡುವ ಕೆಲಸ ಇದಲ್ಲ.

ಕೊನೆಗೆ ಗ್ಲಿಸರಾಲ್ ಮತ್ತು ಎಥನಾಲ್ ಸಮಸಮ ಬೆರೆಸಿ ಅದರಲ್ಲಿಡಿ. ಬರೀ ಗ್ಲಿಸರಾಲ್‌ನಲ್ಲಿ ಇಡುವುದಾದರೆ ಥೈಮಾಲ್‌ನ ಒಂದು ಹರಳು ಹಾಕಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ದೊಡ್ಡ ಇಲಿಗೆ ಇಷ್ಟೆಲ್ಲ ಮಾಡುವುದಕ್ಕಿಂತ ಎಕ್ಸ್‌ರೇ ಅಥವಾ ಮೈಕ್ರೋ ಸಿಟಿ ಒಳ್ಳೆಯದು.

ಪ್ರಶ್ನೆ: ಒಂದೇ ಜೀನ್ ಹೋದರೆ ಸೊಂಟದ ಆರೂ ಕಶೇರುಗಳು ಏಕೆ ಬದಲಾಗುವುದಿಲ್ಲ?
– ಓದುಗರು, ತುಮಕೂರು

ಉತ್ತರ: ಹತ್ತನೇ ಗುಂಪಿನಲ್ಲಿ ಹಾಕ್ಸ್‌ಸಿ10, ಹಾಕ್ಸ್‌ಡಿ10 ಎಂಬ ಇನ್ನಿಬ್ಬರು ಇದ್ದಾರೆ, ಒಬ್ಬರು ಹೋದರೆ ಉಳಿದವರು ಹೊರೆ ಹೊರುತ್ತಾರೆ. 2003ರಲ್ಲಿ ಡೆನೀನ್ ವೆಲಿಕ್ ಮತ್ತು ಮಾರಿಯೋ ಕಪೆಕಿ ಮೂರನ್ನೂ, ಅಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದರಂತೆ ಬಂದ ಆರೂ ಪ್ರತಿಗಳನ್ನು, ತೆಗೆದು ನೋಡಿದರು. ಆಗ ಸೊಂಟದ ಕಶೇರು ಎಂಬುದೇ ಉಳಿಯಲಿಲ್ಲ, ಪಕ್ಕೆಲುಬುಗಳು ಹಿಂದಕ್ಕೆ ಸಾಲಾಗಿ ಮುಂದುವರಿದವು. ಇದರ ತಿರುವುಮುರುವು ಪ್ರಯೋಗ 2005ರಲ್ಲಿ ನಡೆಯಿತು. ಕಶೇರುಗಳ ಕಚ್ಚಾ ಅಂಗಾಂಶದಲ್ಲಿ, ಅದು ತುಂಡುಗಳಾಗಿ ಒಡೆಯುವ ಮೊದಲೇ, ಹಾಕ್ಸ್‌ಎ10ನ್ನು ಎಲ್ಲೆಡೆ ಚಾಲೂ ಮಾಡಿದಾಗ ಪಕ್ಕೆಲುಬೇ ಇಲ್ಲದ ಇಲಿ ಹುಟ್ಟಿತು. ಎರಡನ್ನೂ ಒಟ್ಟಿಗಿಟ್ಟು ನೋಡಿ: ‘ಇಲ್ಲಿ ಪಕ್ಕೆಲುಬು ಬೇಡ’ ಎಂದು ಹೇಳುವುದೇ ಈ ಗುಂಪಿನ ಮಾತು.

ಪ್ರಶ್ನೆ: ನಮ್ಮಲ್ಲಿರುವ ಮ್ಯುಟೆಂಟ್ ಗಂಡುಗಳ ಜೊತೆ ಬಿಟ್ಟ ಹೆಣ್ಣುಗಳಲ್ಲಿ ಕೆಲವೊಮ್ಮೆ ಪ್ಲಗ್ (ಕೂಡಿದ ಮೇಲೆ ಯೋನಿಯಲ್ಲಿ ಗಟ್ಟಿಯಾಗಿ ನಿಲ್ಲುವ ಬೆಣೆ) ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಮರಿಗಳಂತೂ ಇಲ್ಲ. ಕೂಡುವುದೇ ಇಲ್ಲವೋ, ಕೂಡಿಯೂ ಫಲಿಸುವುದಿಲ್ಲವೋ? ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?
– ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಎಂಟು ವಾರ ದಾಟಿದ ಒಂದು ಗಂಡಿಗೆ, ಹಿಂದೆ ಮರಿ ಹಾಕಿ ಗೊತ್ತಿರುವ ತಳಿಯ ಎರಡು ಹೆಣ್ಣು ಕೊಡಿ. ದಿನವೂ ಬೆಳಿಗ್ಗೆ ಹತ್ತರೊಳಗೆ ಪ್ಲಗ್ ನೋಡಿ, ಮಧ್ಯಾಹ್ನದ ಹೊತ್ತಿಗೆ ಅದು ಉದುರಿಹೋಗಿರಬಹುದು. ಪ್ಲಗ್ ಕಂಡ ಹೆಣ್ಣನ್ನು ಬೇರೆ ಮಾಡಿ 21 ದಿನ ಕಾಯಿರಿ, ಅದರ ಜಾಗಕ್ಕೆ ಹೊಸದನ್ನು ಬಿಡಿ. ಅದೇ ವಯಸ್ಸಿನ ಒಡಹುಟ್ಟಿದ ಸಾಮಾನ್ಯ ಗಂಡುಗಳಿಗೂ ಇದನ್ನೇ ಮಾಡಿ. ಈ ಮ್ಯುಟೆಂಟ್‌ಗಳಲ್ಲಿ ಬಂಜೆತನ ವಯಸ್ಸಿನೊಂದಿಗೆ ಏರುವುದರಿಂದ ಒಂದೇ ವಯಸ್ಸಿನಲ್ಲಿ ಪರೀಕ್ಷೆ ಮುಗಿಸಬೇಡಿ. ಎರಡು ತಿಂಗಳ ವಯಸ್ಸಿನಲ್ಲೊಮ್ಮೆ, ಆರು ತಿಂಗಳ ವಯಸ್ಸಿನಲ್ಲೊಮ್ಮೆ ನೋಡಿದರೆ ಚಿತ್ರ ಬೇರೆಯಾಗಬಹುದು.

ಪ್ಲಗ್ ಇಲ್ಲವೆಂದರೆ ಕೂಡಿಲ್ಲ ಎಂದು ಬೇರೆ ಇಲಿಗಳಲ್ಲಿ ಹೇಳಬಹುದು, ಇಲ್ಲಿ ಎಚ್ಚರ. ಪ್ಲಗ್ ಗಟ್ಟಿಯಾಗುವುದು ಸೆಮಿನಲ್ ವೆಸಿಕಲ್ ಮತ್ತು ಕೋಆಗ್ಯುಲೇಟಿಂಗ್ ಗ್ರಂಥಿಗಳ ರಸದಿಂದ. ಹಾಕ್ಸ್‌ಎ10 ಇಲ್ಲದ ಗಂಡುಗಳಲ್ಲಿ ಈ ಗ್ರಂಥಿಗಳ ಬೆಳವಣಿಗೆಯೂ ಕುಂಠಿತ. ಹಾಗಾಗಿ ಕೂಡಿದರೂ ಪ್ಲಗ್ ನಿಲ್ಲದಿರಬಹುದು. ರಾತ್ರಿ ಇನ್ಫ್ರಾರೆಡ್ ಕ್ಯಾಮೆರಾ ಇಟ್ಟು ನೋಡುವುದೇ ಸರಿ. ಇದೇ ಕಾರಣಕ್ಕೆ, ಸೆಮಿನಲ್ ವೆಸಿಕಲ್ ತೂಕ ನೋಡಿ ಟೆಸ್ಟೊಸ್ಟೆರೋನ್ ಕಡಿಮೆ ಎಂದು ತೀರ್ಮಾನಿಸುವ ರೂಢಿಯನ್ನೂ ಇಲ್ಲಿ ಬಿಡಿ, ರಕ್ತದಲ್ಲೇ ಅಳೆಯಿರಿ. ಲೈಡಿಗ್ ಕೋಶಗಳು ಬಿಸಿಯನ್ನು ತಾಳಬಲ್ಲವು, ವೀರ್ಯಾಣು ಇಲ್ಲದ ಇಲಿಗೂ ಹಾರ್ಮೋನು ಇರಬಹುದು.

ವೃಷಣದ ಜಾಗವನ್ನು ಜೀವಂತ ಇಲಿಯಲ್ಲಿ ಮುಟ್ಟಿ ನಿರ್ಧರಿಸಬೇಡಿ. ಇಲಿಯ ತೊಡೆಸಂದಿಯ ದಾರಿ ಜೀವನವಿಡೀ ತೆರೆದೇ ಇರುತ್ತದೆ. ಹೆದರಿದರೆ, ಹೊಟ್ಟೆ ಒತ್ತಿದರೆ ಇಳಿದ ವೃಷಣವೂ ಮೇಲಕ್ಕೆ ಜಾರುತ್ತದೆ. ದಯಾಮರಣದ ನಂತರ ಹೊಟ್ಟೆ ಒತ್ತದೆ ನಡುವೆ ಸೀಳಿ, ಎರಡೂ ಕಡೆ ವೃಷಣ ಮೂತ್ರಕೋಶದ ಪಕ್ಕದಲ್ಲಿದೆಯೋ ಇನ್ನೂ ಮೇಲಿದೆಯೋ ನೋಡಿ ಫೋಟೋ ತೆಗೆಯಿರಿ. ಹತ್ತಿಯ ಕಡ್ಡಿಯಿಂದ ಮೆಲ್ಲಗೆ ತಳ್ಳಿದಾಗ ಚೀಲಕ್ಕೆ ಇಳಿಯುತ್ತದೆಯೇ ಎಂದೂ ನೋಡಿ. ಆಮೇಲೆ ತೂಕ. ಬೆಳೆದ ಸಾಮಾನ್ಯ ಇಲಿಯಲ್ಲಿ ಒಂದೊಂದು ವೃಷಣ ಸುಮಾರು 100 ಮಿ.ಗ್ರಾಂ, ಬಿಸಿಯಲ್ಲಿ ಉಳಿದದ್ದು ಕಣ್ಣಿಗೇ ಚಿಕ್ಕದಾಗಿ ಕಾಣುತ್ತದೆ.

ವೀರ್ಯಾಣು ಎಣಿಕೆಗೆ ಎಪಿಡಿಡೈಮಿಸ್‌ನ ಬಾಲಭಾಗ ಎರಡನ್ನೂ 37 ಡಿಗ್ರಿಗೆ ಬೆಚ್ಚಗಾದ 1 ಮಿ.ಲೀ. ಮಾಧ್ಯಮದಲ್ಲಿ ಕತ್ತರಿಸಿ 15–30 ನಿಮಿಷ ಬಿಡಿ. ಮೊದಲು ಬೆಚ್ಚನೆಯ ಸ್ಲೈಡಿನ ಮೇಲೆ ಚಲನೆ ನೋಡಿ, ತಣ್ಣಗಾದರೆ ಆರೋಗ್ಯವಂತ ವೀರ್ಯಾಣುವೂ ಸೋಮಾರಿಯಾಗುತ್ತದೆ. ಎಣಿಸಲು ನೀರಿನಲ್ಲಿ ಹತ್ತು ಪಟ್ಟು ತೆಳುಮಾಡಿ ಹೀಮೊಸೈಟೋಮೀಟರ್‌ಗೆ ಹಾಕಿ, ನಾಲ್ಕು ಮೂಲೆಯ ದೊಡ್ಡ ಚೌಕಗಳ ಸರಾಸರಿ ತೆಗೆಯಿರಿ. ಸರಾಸರಿ 150 ಬಂದರೆ, 10,000ದಿಂದಲೂ ಮತ್ತೆ 10ರಿಂದಲೂ ಗುಣಿಸಿ: ಒಂದೂವರೆ ಕೋಟಿ. ಸಾಮಾನ್ಯ ಗಂಡಿನಲ್ಲಿ ಕೋಟಿಯ ಲೆಕ್ಕ ಸಹಜ.

ಸೂಕ್ಷ್ಮದರ್ಶಕದಲ್ಲಿ ನೋಡುವ ವೃಷಣದ ಸೀಳಿಕೆಗೆ, ಅಂಗಾಂಶ ಕೆಡದಂತೆ ಹಿಡಿದಿಡುವ ಬೂಯಾನ್ ದ್ರಾವಣವೇ ಬೇಕು, ಫಾರ್ಮಲಿನ್‌ನಲ್ಲಿ ನಾಳಗಳು ಕುಗ್ಗಿ ‘ಇಲ್ಲಿ ಕೋಶ ಸತ್ತಿದೆ’ ಎಂಬ ಭ್ರಮೆ ಹುಟ್ಟಿಸುತ್ತವೆ. ಒಂದು ದಿನ ಇಟ್ಟು, 70 ಶೇಕಡಾ ಎಥನಾಲ್‌ನಲ್ಲಿ ಹಳದಿ ಬಣ್ಣ ಹೋಗುವವರೆಗೆ ತೊಳೆಯಿರಿ. ಬೂಯಾನ್‌ನಲ್ಲಿರುವ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು, ಬಾಟಲಿಯ ಬಾಯಲ್ಲಿ ಹರಳು ಕಟ್ಟಲು ಬಿಡಬೇಡಿ. ಇಲಿಯಲ್ಲಿ ಮೂಲಕೋಶದಿಂದ ವೀರ್ಯಾಣುವಿನವರೆಗೆ ಸುಮಾರು 35 ದಿನ ಬೇಕು. ಅಂದರೆ ಐದು ವಾರಕ್ಕಿಂತ ಚಿಕ್ಕ ಇಲಿಯಲ್ಲಿ ವೀರ್ಯಾಣು ಕಾಣದಿದ್ದರೆ ಅದು ದೋಷವಲ್ಲ, ವಯಸ್ಸು.

ಪ್ರಶ್ನೆ: ಪ್ರಯೋಗಕ್ಕೆ ಎರಡೂ ಪ್ರತಿ ಕೆಟ್ಟ ಹತ್ತು ಗಂಡುಗಳು ಬೇಕು. ಎಷ್ಟು ಮರಿ ಹುಟ್ಟಿಸಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಂದು ಪ್ರತಿ ಮಾತ್ರ ಕೆಟ್ಟ ತಂದೆ ತಾಯಿಗಳಿಂದಲೇ ಪಡೆಯಬೇಕು. ಎರಡೂ ಪ್ರತಿ ಕೆಟ್ಟ ಹೆಣ್ಣುಗಳಲ್ಲಿ ಸುಮಾರು 80 ಶೇಕಡಾ ಬಂಜೆ, ಭ್ರೂಣಗಳು 2.5ರಿಂದ 3.5ನೇ ದಿನದ ನಡುವೆ ಸಾಯುತ್ತವೆ. ಒಂದೊಂದೇ ಪ್ರತಿ ಕೆಟ್ಟ ಜೋಡಿಯಲ್ಲಿ ನಿಮಗೆ ಬೇಕಾದ ಮರಿ ಎಂಟಕ್ಕೊಂದು: ನಾಲ್ಕರಲ್ಲಿ ಒಂದಕ್ಕೆ ಎರಡೂ ಪ್ರತಿ ಕೆಟ್ಟಿರುತ್ತದೆ, ಅದರಲ್ಲಿ ಅರ್ಧ ಗಂಡು. ಹತ್ತಕ್ಕೆ 80 ಮರಿ, ಸೂಲಿಗೆ 7 ಎಂದರೆ ಹನ್ನೊಂದು ಹನ್ನೆರಡು ಸೂಲು. ಎಂಟು ಮರಿಯ ಒಂದು ಸೂಲಿನಲ್ಲಿ ಅಂಥ ಒಂದು ಗಂಡಾದರೂ ಸಿಗುವ ಸಂಭವ ಮೂರರಲ್ಲಿ ಎರಡು ಮಾತ್ರ. ಬರಿಗೈಯಲ್ಲಿ ಹೋಗುವ ಸೂಲನ್ನು ಕಂಡು ಗಾಬರಿಯಾಗಬೇಡಿ. ಜೀನ್ ಕೆಡಿಸಲು ಸೇರಿಸಿದ ನಿಯೋಮೈಸಿನ್ ತುಣುಕು ಹಾಕ್ಸ್ ಗೊಂಚಲಿನಲ್ಲಿ ಪಕ್ಕದ ಜೀನಿನ ಕೆಲಸವನ್ನೂ ಕದಡಬಲ್ಲದು, ಹಾಗಾಗಿ ಹಾಕ್ಸ್‌ಎ9 ಮತ್ತು ಹಾಕ್ಸ್‌ಎ11 ಸರಿಯಾಗಿವೆಯೇ ಎಂದು ಭ್ರೂಣದಲ್ಲೇ ನೋಡಿಕೊಳ್ಳಿ. ಹಾಕ್ಸ್‌ಎ11 ಕೆಟ್ಟರೂ ವೃಷಣ ಇಳಿಯುವುದಿಲ್ಲ. ಜೊತೆಗೆ ವೀರ್ಯನಾಳ ಎಪಿಡಿಡೈಮಿಸ್‌ನಂತೆ ಸುರುಳಿ ಸುತ್ತುತ್ತದೆ, ಮುಂಗೈ ಮತ್ತು ಕಾಲಿನ ಮೂಳೆಗಳೂ ವಿಕಾರವಾಗುತ್ತವೆ. ನಿಮ್ಮ ಇಲಿಯಲ್ಲಿ ಈ ಲಕ್ಷಣ ಕಂಡರೆ ಅನುಮಾನಿಸಿ.

ಪ್ರಶ್ನೆ: ನನ್ನ ಮಗನಿಗೆ ಐದು ತಿಂಗಳು. ಒಂದು ಬೀಜ ಇಳಿದಿಲ್ಲ. ಎಕ್ಸ್‌ರೇಯಲ್ಲಿ ಒಂದು ಪಕ್ಕೆಲುಬು ಹೆಚ್ಚಿದೆ ಎಂದೂ ಹೇಳಿದ್ದಾರೆ. ನಿಮ್ಮ ಟಿಪ್ಪಣಿ ಓದಿ ನಿದ್ದೆ ಬರುತ್ತಿಲ್ಲ. ಇದು ಅದೇ ಕಾಯಿಲೆಯೇ?
– ತಾಯಿ, ಮಂಡ್ಯ ಜಿಲ್ಲೆ

ಉತ್ತರ: ತಾಯಿ, ಮೊದಲು ಧೈರ್ಯ ತಂದುಕೊಳ್ಳಿ. ಟಿಪ್ಪಣಿಯಲ್ಲಿ ಬರೆದದ್ದು ಪ್ರಯೋಗಾಲಯದಲ್ಲಿ ಜೀನಿನ ಎರಡೂ ಪ್ರತಿಗಳನ್ನು ಬೇಕೆಂದೇ ಕೆಡಿಸಿದ ಇಲಿಗಳ ವಿಷಯ. ಹೆಚ್ಚಿನ ಪಕ್ಕೆಲುಬು ಆರೋಗ್ಯವಂತರಲ್ಲೂ ಕಾಣುತ್ತದೆ, ಅದೊಂದರಿಂದ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲೂ ನೂರಕ್ಕೆ ಎರಡರಿಂದ ನಾಲ್ವರಿಗೆ ಬೀಜ ಇಳಿದಿರುವುದಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಮೊದಲ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಈ ಎರಡು ಸಂಗತಿ ಒಂದೇ ಮಗುವಿನಲ್ಲಿ ಕಂಡ ಮಾತ್ರಕ್ಕೆ ಜೀನಿನ ಕಾಯಿಲೆ ಎನ್ನಲಾಗದು.

ಆದರೆ ಕಾಯುವುದಕ್ಕೊಂದು ಮಿತಿಯಿದೆ. ಆರು ತಿಂಗಳು ತುಂಬಿದ ಮೇಲೆ ತಾನಾಗಿ ಇಳಿಯುವುದು ಅಪರೂಪ. ಆಗ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಬೀಜವನ್ನು ಚೀಲಕ್ಕೆ ತಂದು ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮಾಡಿಸುವುದು ಈಗಿನ ಸಲಹೆ. ಇಂಜೆಕ್ಷನ್ ಕೊಟ್ಟು ಇಳಿಸುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ, ಹಾರ್ಮೋನು ಚಿಕಿತ್ಸೆಯನ್ನು ಈಗ ಶಿಫಾರಸು ಮಾಡುವುದಿಲ್ಲ. ‘ದೊಡ್ಡವನಾದ ಮೇಲೆ ಇಳಿಯುತ್ತದೆ’ ಎಂದು ಹಿರಿಯರು ಹೇಳಿದರೂ ವರ್ಷಗಟ್ಟಲೆ ಬಿಡಬೇಡಿ. ಮೇಲೆ ಬಿಸಿಯ ಬಗ್ಗೆ ಬರೆದದ್ದು ಮನುಷ್ಯರಿಗೂ ಅನ್ವಯಿಸುತ್ತದೆ, ತಡವಾದಷ್ಟೂ ವೀರ್ಯಾಣುವಿನ ಮೂಲಕೋಶಗಳು ಕಡಿಮೆಯಾಗುತ್ತವೆ, ಮುಂದೆ ವೃಷಣದ ಕ್ಯಾನ್ಸರ್ ಅಪಾಯವೂ ಸ್ವಲ್ಪ ಹೆಚ್ಚುತ್ತದೆ. ಎರಡೂ ಬೀಜ ಕೈಗೆ ಸಿಗದಿದ್ದರೆ, ಅಥವಾ ಮೂತ್ರದ ರಂಧ್ರ ತುದಿಯಲ್ಲಿಲ್ಲದೆ ಕೆಳಗಿದ್ದರೆ, ಆರು ತಿಂಗಳವರೆಗೂ ಕಾಯದೆ ಈಗಲೇ ತೋರಿಸಿ. ನೀವು ಬರೆದಂತೆ ಒಂದೇ ಬೀಜದ ಮಾತಾದರೆ, ಆರು ತಿಂಗಳು ತುಂಬಿದ ಕೂಡಲೇ ವೈದ್ಯರಿಗೆ ಮತ್ತೊಮ್ಮೆ ಮುಟ್ಟಿ ನೋಡಲು ಹೇಳಿ, ಆ ದಿನವೇ ಶಸ್ತ್ರಚಿಕಿತ್ಸಕರಿಗೆ ಚೀಟಿ ಬರೆಸಿಕೊಳ್ಳಿ.